ಕೋಟೆಗೂ ಮಿಷನ್ನಿಗೂ ನಡುವೆ

ಸ್ಯಾನ್ ಆಂಟೋನಿಯೊಗೆ ಹೋದವರು ಅಲ್ಲಿನ ಮಿಷನ್‌ಗಳನ್ನು ನೋಡದೆ ವಾಪಸ್ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಆಲಮೊ ಮೂಲದಲ್ಲಿ 1718ರಲ್ಲಿ ಶುರುವಾದ ಒಂದು ಮಿಷನ್. ನದಿಯುದ್ದಕ್ಕೂ ಇನ್ನೂ ನಾಲ್ಕಿವೆ. ಐದನ್ನೂ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಿನ ಗೋಪುರ, ಕೆತ್ತನೆಯ ಕಿಟಕಿ, ಹಿಟ್ಟಿನ ಗಿರಣಿ, ಇನ್ನೂ ನೀರು ಹರಿಯುವ ಕಾಲುವೆ, ಅಗಲ ಟೋಪಿಯ ಗೈಡ್, ಎಲ್ಲವೂ ಅಚ್ಚುಕಟ್ಟು. ಅವನ್ನೆಲ್ಲ ಸುತ್ತಿ ಮುಗಿಸಿದ ಮೇಲೆ ನನಗೆ ಬಾಳದೆ ಹೋದ ಮಿಷನ್ ಒಂದನ್ನು ನೋಡಬೇಕೆಂಬ ಹಟ ಹುಟ್ಟಿತು. ಟೆಕ್ಸಸ್‌ನಲ್ಲಿ ಅಂಥವು ಹಲವಿವೆ. ಆದರೆ ಮೂಲನಿವಾಸಿಗಳ ಒಂದೇ ದಾಳಿಗೆ ಪೂರ್ತಿ ಸುಟ್ಟುಹೋದದ್ದು ಒಂದೇ: ಸ್ಯಾನ್ ಸಾಬಾ ನದಿಯ ದಡದ ಸಾಂತಾ ಕ್ರೂಸ್ ಮಿಷನ್. 1757ರ ಏಪ್ರಿಲ್‌ನಲ್ಲಿ ಹುಟ್ಟಿ 1758ರ ಮಾರ್ಚ್‌ನಲ್ಲಿ ಬೂದಿಯಾಯಿತು. ಒಂದು ವರ್ಷವೂ ತುಂಬಲಿಲ್ಲ.

"ಮಾವ, ಅಲ್ಲಿ ನೋಡೋಕೆ ಏನೂ ಇಲ್ಲವಂತಲ್ಲ?" ಅಂದ ಅಕ್ಕನ ಮಗ, ಫೋನ್‌ನಲ್ಲಿ ಮ್ಯಾಪ್ ನೋಡುತ್ತಾ.

"ಏನೂ ಇಲ್ಲ ಅನ್ನೋದನ್ನೇ ನೋಡಿ ಬರೋಣ ನಡಿಯಪ್ಪ" ಅಂದೆ. ಪಾಪ, ರಜೆಯ ದಿನ ಮಲಗುವುದು ಬಿಟ್ಟು ಕಾರು ತೆಗೆದ.

ಪಶ್ಚಿಮಕ್ಕೆ ಹೋಗುವ ಹೆದ್ದಾರಿಯಲ್ಲಿ ಜಂಕ್ಷನ್ ಎಂಬ ಹೆಸರಿನ ಊರಿನ ತನಕ ಹೋಗಿ, ಅಲ್ಲಿಂದ 83ನೇ ರಸ್ತೆ ಹಿಡಿದು ಉತ್ತರಕ್ಕೆ ಹೊರಳಬೇಕು. ಒಟ್ಟು ಸುಮಾರು 240 ಕಿ.ಮೀ. ಊರುಗಳು ಹಿಂದೆ ಬಿದ್ದಂತೆ ಸುಣ್ಣಕಲ್ಲಿನ ಗುಡ್ಡಗಳು, ಗಿಡ್ಡ ಓಕ್ ಮರಗಳು, ಮುಳ್ಳುತಂತಿಯ ಬೇಲಿ, ಅದರಾಚೆ ಮೇಕೆಗಳು. ಬೇಲಿಯ ಉದ್ದಕ್ಕೂ ಮೆಸ್ಕೀಟ್ ಎಂಬ ಮುಳ್ಳುಮರ. ಇದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ, ಒಂದೇ ಕುಲದ್ದು. ನಮ್ಮ ಕಡೆಯ ಕೆರೆ ಅಂಗಳಗಳನ್ನೆಲ್ಲ ನುಂಗಿದ ಜಾಲಿಯೂ ಅಮೆರಿಕ ಖಂಡದಿಂದಲೇ ಬಂದದ್ದು. ತೊಗಟೆ, ಮುಳ್ಳು, ಕೋಡು ಯಾವುದೂ ಹೊಸದಲ್ಲ. ಹದಿನೈದು ಸಾವಿರ ಕಿಲೋಮೀಟರ್ ಹಾರಿ ಬಂದು ರಾಯಚೂರಿನ ರಸ್ತೆಯಲ್ಲೇ ಹೋಗುತ್ತಿರುವಂತಾಯಿತು.

ನಾವು ಹೋಗಿ ಇಳಿದ ಮೆನಾರ್ಡ್ ಸಣ್ಣ ಊರು, ಜನಸಂಖ್ಯೆ ಒಂದೂವರೆ ಸಾವಿರ ದಾಟದು. ನದಿ ಊರಿನ ಪಕ್ಕದಲ್ಲೇ ಹರಿಯುತ್ತದೆ, ದಡದಲ್ಲಿ ಎತ್ತರದ ಪೆಕಾನ್ ಮರಗಳು. ಊರಿನ ಪಶ್ಚಿಮಕ್ಕೆ, ಗಾಲ್ಫ್ ಮೈದಾನಕ್ಕೆ ಅಂಟಿಕೊಂಡು, ಮಿಷನ್ ಕಾಯಲೆಂದು ಕಟ್ಟಿದ ಕೋಟೆಯ ಹಾಳು ಗೋಡೆಗಳಿವೆ. ಮಿಷನ್ ಇದ್ದದ್ದು ಅಲ್ಲಲ್ಲ. ಅದು ನದಿಯ ಕೆಳಹರಿವಿನಲ್ಲಿ, ಸುಮಾರು 5 ಕಿ.ಮೀ. ಪೂರ್ವಕ್ಕೆ, ನದಿಯ ಇನ್ನೊಂದು ದಡದಲ್ಲಿ. ಆ ಅಂತರ ಅಕಸ್ಮಾತ್ತಾಗಿ ಉಂಟಾದದ್ದಲ್ಲ. ಪಾದ್ರಿಗಳು ಕೇಳಿ ಪಡೆದದ್ದು. ಸ್ಯಾನ್ ಸಾಬಾದ ಇಡೀ ಕಥೆ ಆ 5 ಕಿ.ಮೀ.ಗಳಲ್ಲಿ ಅಡಗಿದೆ ಎಂದು ನನಗೆ ಅನ್ನಿಸುವುದು ಅದಕ್ಕೇ.

ಸ್ಪೇನ್‌ನವರಿಗೆ ಮಿಷನ್ ಎಂದರೆ ಬರೀ ಚರ್ಚ್ ಅಲ್ಲ. ಗಡಿ ಕಾಯಲು ಕಳಿಸುವುದಕ್ಕೆ ಅವರ ಬಳಿ ಸಾಕಷ್ಟು ಜನರಿರಲಿಲ್ಲ. ಆದ್ದರಿಂದ ಅಲ್ಲಿರುವ ಜನರನ್ನೇ ಒಂದು ಕಡೆ ಕೂಡಿಹಾಕಿ, ಜ್ಞಾನಸ್ನಾನ ಮಾಡಿಸಿ, ಉಳುಮೆ ನೇಯ್ಗೆ ಕಲಿಸಿ, ಕೆಲವು ವರ್ಷಗಳಲ್ಲಿ ರಾಜನ ಪ್ರಜೆಗಳನ್ನಾಗಿ ಮಾಡುವುದು ಲೆಕ್ಕಾಚಾರ. ಪಾದ್ರಿ ಊರು ಕಟ್ಟುತ್ತಾನೆ. ಹತ್ತಿರದಲ್ಲೊಂದು ಸೈನಿಕ ಠಾಣ್ಯ, ಅವರ ಮಾತಿನಲ್ಲಿ ಪ್ರೆಸಿಡಿಯೊ, ಅದನ್ನು ಕಾಯುತ್ತದೆ. ಕಡಿಮೆ ಖರ್ಚಿನ ಸಾಮ್ರಾಜ್ಯ. ಸ್ಯಾನ್ ಆಂಟೋನಿಯೊದ ಸುತ್ತಲಿನ ಸಣ್ಣ ಪಂಗಡಗಳು ಬರಗಾಲಕ್ಕೂ ಅಪಾಚೆಗಳಿಗೂ ಹೆದರಿ ಮಿಷನ್ ಸೇರಿದವು. ಆದರೆ ಅಪಾಚೆಗಳನ್ನೇ ಸೇರಿಸಿಕೊಳ್ಳಬೇಕೆಂದರೆ?

ಲಿಪಾನ್ ಅಪಾಚೆಗಳು ದಶಕಗಳ ಕಾಲ ಸ್ಯಾನ್ ಆಂಟೋನಿಯೊದ ಕುದುರೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರು. 1749ರ ಆಗಸ್ಟ್‌ನಲ್ಲಿ ಅವರೇ ಸಂಧಿಗೆ ಬಂದರು. ಊರ ನಡುವಿನ ಚೌಕದಲ್ಲಿ ದೊಡ್ಡ ಗುಂಡಿ ತೋಡಿ, ಅದರೊಳಗೆ ಒಂದು ಕೊಡಲಿ, ಒಂದು ಭರ್ಜಿ, ಆರು ಬಾಣ, ಜೊತೆಗೆ ಜೀವಂತ ಕುದುರೆಯೊಂದನ್ನು ಇಳಿಸಿದರು. ಗುಂಡಿಯ ಸುತ್ತ ಅಪಾಚೆ ಮುಖಂಡರೂ ಸ್ಪೇನ್‌ನ ಸೈನಿಕರೂ ಕೈಕೈ ಹಿಡಿದು ಕುಣಿದರು. ಆಮೇಲೆ ಎಲ್ಲರೂ ಸೇರಿ ಮಣ್ಣು ಮುಚ್ಚಿದರು. ವೈರ ಹೂತೆವು ಎಂದರ್ಥ. ಆ ಕುದುರೆಯ ಗತಿ ನೆನೆದರೆ ನನಗೆ ಸಂಧಿಗಿಂತ ಅದೇ ಹೆಚ್ಚು ಕಾಡುತ್ತದೆ.

ಅಪಾಚೆಗಳಿಗೆ ಇದ್ದಕ್ಕಿದ್ದಂತೆ ಕ್ರಿಸ್ತನ ಮೇಲೆ ಭಕ್ತಿ ಹುಟ್ಟಿರಲಿಲ್ಲ. ಉತ್ತರದ ಬಯಲಿನಿಂದ ಕೊಮಾಂಚಿಗಳು ಅವರನ್ನು ಒತ್ತರಿಸುತ್ತಾ ಬರುತ್ತಿದ್ದರು. ಕೊಮಾಂಚಿಗಳ ಕೈಗೆ ಲೂಸಿಯಾನದ ಫ್ರೆಂಚ್ ವ್ಯಾಪಾರಿಗಳ ಬಂದೂಕು ಬಂದಿತ್ತು. ಸ್ಪೇನ್‌ನವರು ಮೂಲನಿವಾಸಿಗಳಿಗೆ ಬಂದೂಕು ಮಾರುತ್ತಿರಲಿಲ್ಲ. "ನಮಗೊಂದು ಮಿಷನ್ ಕಟ್ಟಿಕೊಡಿ" ಎಂದು ಅಪಾಚೆಗಳು ಕೇಳಿದಾಗ ಅವರ ಕಣ್ಣಿದ್ದದ್ದು ಮಿಷನ್ನಿನ ಹಿಂದೆ ಬರುವ ಸೈನಿಕರ ಮೇಲೆ. ಪಾದ್ರಿಗಳ ಕಣ್ಣು ಅಪಾಚೆಗಳ ಆತ್ಮದ ಮೇಲೆ. ಸರ್ಕಾರದ ಕಣ್ಣು ಇನ್ನೆಲ್ಲೋ. 1756ರಲ್ಲಿ ಬೆರ್ನಾರ್ದೊ ದೆ ಮಿರಾಂದಾ ಎಂಬ ಅಧಿಕಾರಿ ಈ ಬೆಟ್ಟಸೀಮೆಯ ಲೋಸ್ ಅಲ್ಮಾಗ್ರೆಸ್ ಎಂಬಲ್ಲಿ ಬೆಳ್ಳಿಯ ಅದಿರಿದೆಯೆಂದು ವರದಿ ತಂದಿದ್ದ. ಟೆಕ್ಸಸ್‌ನಲ್ಲಿರುವ ಒಬ್ಬೊಬ್ಬನಿಗೂ ಒಂದೊಂದು ಗಣಿ ಹಂಚಬಹುದು ಎನ್ನುವಷ್ಟು ಅವನ ಉತ್ಸಾಹ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಒಂದೇ ನೊಗಕ್ಕೆ ಮೂವರು.

ನಾಲ್ಕನೆಯವನೂ ಇದ್ದ, ಹಣ ಹಾಕಿದವನು. ಪೆದ್ರೊ ರೊಮೆರೊ ದೆ ತೆರ್ರೆರೋಸ್, ಮೆಕ್ಸಿಕೊದ ಪಚೂಕಾ ಬಳಿಯ ರಿಯಾಲ್ ದೆಲ್ ಮೊಂತೆ ಬೆಳ್ಳಿ ಗಣಿಗಳ ಒಡೆಯ, ಆ ಕಾಲದ ಮಹಾ ಶ್ರೀಮಂತರಲ್ಲಿ ಒಬ್ಬ. ಮೂರು ವರ್ಷಗಳಿಗೆ 1,50,000 ಪೆಸೊ ಕೊಡುತ್ತೇನೆಂದ. ಒಂದೇ ಷರತ್ತು: ಮಿಷನ್ನಿನ ಮುಖ್ಯಸ್ಥ ತನ್ನ ದಾಯಾದಿ ಅಣ್ಣ, ಫ್ರಾನ್ಸಿಸ್ಕನ್ ಪಾದ್ರಿ ಅಲೊನ್ಸೊ ಹಿರಾಲ್ದೊ ದೆ ತೆರ್ರೆರೋಸ್ ಆಗಿರಬೇಕು. ಈ ಪಾದ್ರಿಗೆ ಅಪಾಚೆಗಳ ಅನುಭವ ಇರಲಿಲ್ಲವೆಂದಲ್ಲ. 1754ರ ಕೊನೆಯಲ್ಲಿ ರಿಯೊ ಗ್ರಾಂದೆಯ ದಕ್ಷಿಣಕ್ಕೆ ಅವರಿಗಾಗಿ ಸ್ಯಾನ್ ಲೊರೆಂಸೊ ಎಂಬ ಮಿಷನ್ ತೆರೆದಿದ್ದ. ಮರುವರ್ಷ ಅಕ್ಟೋಬರ್‌ನಲ್ಲಿ ಅಪಾಚೆಗಳು ಅದಕ್ಕೆ ಬೆಂಕಿಯಿಟ್ಟು ಹೊರಟುಹೋಗಿದ್ದರು. ಇಷ್ಟಾದರೂ ಮತ್ತೆ ಹೊರಟನೆಂದರೆ ಅದನ್ನು ಶ್ರದ್ಧೆ ಅನ್ನಬೇಕೋ ಮೊಂಡುತನ ಅನ್ನಬೇಕೋ, ಓದುವವರಿಗೆ ಬಿಟ್ಟದ್ದು.

ಆಳು ಕಾಳು, ದನ ಕರು, ಸಾಲ್ತಿಲ್ಯೊದಿಂದ ಕರೆತಂದ ತ್ಲಾಸ್ಕಾಲಾ ಕುಟುಂಬಗಳು, ಕರ್ನಲ್ ದಿಯೇಗೊ ಓರ್ತಿಸ್ ಪರ್ರಿಯಾನ ಕೈಕೆಳಗೆ 100 ಮಂದಿ ಸೈನಿಕರು, ಅವರ ಹೆಂಡಿರು ಮಕ್ಕಳೇ 200ಕ್ಕೂ ಹೆಚ್ಚು. ಒಂದು ಊರಿಗೆ ಊರೇ ಹೊರಟಿತ್ತು. 1757ರ ಏಪ್ರಿಲ್ ನಡುವಿನಲ್ಲಿ ಈ ನದಿಯ ದಡಕ್ಕೆ ಬಂದು ನೋಡಿದರೆ ಒಬ್ಬ ಅಪಾಚೆಯೂ ಇಲ್ಲ. ಪರ್ರಿಯಾ ಅಲ್ಲಿಂದಲೇ ಹಿಂತಿರುಗೋಣವೆಂದ. ಪಾದ್ರಿಗಳು ಒಪ್ಪಲಿಲ್ಲ.

ಈಗ ಆ 5 ಕಿ.ಮೀ. ವಿಷಯ. ಪಾದ್ರಿಗಳಿಗೆ ಕೋಟೆ ದೂರವಿರಬೇಕಿತ್ತು, ಯಾಕೆಂದರೆ ಅದರೊಳಗಿದ್ದ ಸೈನಿಕರು ಅವರಿಗೆ ಹಳೆಯ ಪರಿಚಯ. ಸ್ಯಾನ್ ಸಾಬಾದ ಪಡೆಯ ತಿರುಳು ಮಧ್ಯ ಟೆಕ್ಸಸ್‌ನ ಸ್ಯಾನ್ ಸಾವಿಯೆರ್ ಎಂಬ ಠಾಣ್ಯದಿಂದ ಬಂದದ್ದು. ಅಲ್ಲಿ ಮೂರು ಮಿಷನ್‌ಗಳಿದ್ದವು, ಫೆಲಿಪೆ ದೆ ರಾಬಾಗೊ ಎಂಬ ದಳಪತಿಯಿದ್ದ. ಅವನು ತನ್ನ ಠಾಣ್ಯದಲ್ಲೇ ಇದ್ದ ಸೆಬಾಯೋಸ್ ಎಂಬುವನ ಹೆಂಡತಿಯ ಮೇಲೆ ಕಣ್ಣು ಹಾಕಿ, ಗಂಡನನ್ನು ಸರಪಳಿಯಲ್ಲಿ ಬಿಗಿಸಿದ. ಸೈನಿಕರೂ ಅದೇ ಹಾದಿ ಹಿಡಿದು ಮಿಷನ್ನಿನ ಹೆಂಗಸರ ಮೇಲೆ ಬಿದ್ದರು. ಪಾದ್ರಿಗಳು ಇಡೀ ಠಾಣ್ಯವನ್ನೇ ಧರ್ಮದಿಂದ ಬಹಿಷ್ಕರಿಸಿದರು. 1752ರ ಮೇ 11ರ ಸಂಜೆ, ತಪ್ಪಿಸಿಕೊಂಡು ಬಂದು ಮಿಷನ್ನಿನಲ್ಲಿ ಆಶ್ರಯ ಪಡೆದಿದ್ದ ಸೆಬಾಯೋಸ್‌ನನ್ನೂ ಪಾದ್ರಿ ಹುವಾನ್ ಹೊಸೆ ಗನ್ಸಾಬಾಲ್‌ನನ್ನೂ ಯಾರೋ ಬಾಗಿಲಲ್ಲೇ ಕೊಂದರು, ಒಬ್ಬನನ್ನು ಗುಂಡು ಹಾರಿಸಿ, ಇನ್ನೊಬ್ಬನನ್ನು ಬಾಣ ಬಿಟ್ಟು. ಸಂಶಯದ ಬೆರಳು ರಾಬಾಗೊ ಕಡೆಗೇ ತೋರಿತು. ಅವನ ಅಧಿಕಾರ ಹೋಯಿತು, ವಿಚಾರಣೆ ಎಂಟು ವರ್ಷ ಎಳೆಯಿತು. ಸ್ಯಾನ್ ಸಾವಿಯೆರ್‌ನ ಮಿಷನ್‌ಗಳು ಮುಚ್ಚಿಹೋಗಿ, ಅವುಗಳ ಪಾತ್ರೆ ಪರಿಕರಗಳೂ ಸೈನಿಕರೂ ಕೊನೆಗೆ ಸೇರಿದ್ದು ಸ್ಯಾನ್ ಸಾಬಾಕ್ಕೆ.

ಇಂಥ ಕಾವಲುಗಾರರನ್ನು ಪಕ್ಕದಲ್ಲಿ ಇಟ್ಟುಕೊಂಡು ಯಾವ ಅಪಾಚೆ ಹೆಂಗಸನ್ನು ಜ್ಞಾನಸ್ನಾನಕ್ಕೆ ಕರೆಯುವುದು? ತೆರ್ರೆರೋಸ್‌ನ ಹಟವನ್ನು ಬೈಯುವವರು ಬಹಳ. ಕೋಟೆಯ ಗೋಡೆಗೆ ಅಂಟಿ ಮಿಷನ್ ಕಟ್ಟಿದ್ದರೆ ಬದುಕುತ್ತಿದ್ದ ಅನ್ನುತ್ತಾರೆ. ಬದುಕುತ್ತಿದ್ದ, ನಿಜ. ಆದರೆ ಅವನು ದೂರ ಹೋದದ್ದು ದಡ್ಡತನದಿಂದಲ್ಲ. ಎರಡು ಅಪಾಯಗಳಲ್ಲಿ ತನಗೆ ಗೊತ್ತಿದ್ದುದಕ್ಕೆ ಹೆದರಿದ, ಗೊತ್ತಿಲ್ಲದೇ ಇದ್ದುದಕ್ಕೆ ಹೆದರಲಿಲ್ಲ. ಮನುಷ್ಯರು ಸಾಮಾನ್ಯವಾಗಿ ಮಾಡುವುದೇ ಅದು.

ಜೂನ್‌ನಲ್ಲಿ ಅಪಾಚೆಗಳು ಬಂದರು. ಒಬ್ಬಿಬ್ಬರಲ್ಲ, ಸುಮಾರು 3,000 ಮಂದಿ. ಮಿಷನ್ನಿನ ಸುತ್ತ ಗುಡಾರಗಳ ಸಂತೆಯೇ ನೆರೆಯಿತು. ಪಾದ್ರಿಗಳಿಗೆ ಸ್ವರ್ಗ ಮೂರೇ ಗೇಣು. ಆದರೆ ಅವರು ಹೊರಟಿದ್ದದ್ದು ಬೈಸನ್ ಬೇಟೆಗೆ, ಕೊಮಾಂಚಿಗಳ ಮೇಲಿನ ಸೇಡಿಗೆ. ಕೊಟ್ಟ ಉಡುಗೊರೆ ತೆಗೆದುಕೊಂಡರು, ಹಾಕಿದ ಊಟ ಉಂಡರು, ಬೇಟೆ ಮುಗಿಸಿ ಬಂದು ನೆಲೆಸುತ್ತೇವೆ ಎಂದು ಹೇಳಿ ಹೋದರು. ಬಂದಾಗಲೆಲ್ಲ ಅದೇ ಮಾತು, ಹೋದಾಗಲೆಲ್ಲ ಇನ್ನಷ್ಟು ಅವಸರ. ಕೆಲವರು ಪಾದ್ರಿಗಳು ಬೇಸತ್ತು ಹಿಂತಿರುಗಿದರು. ಉಳಿದವರು ತೆರ್ರೆರೋಸ್, ಹೊಸೆ ದೆ ಸಾಂತಿಯೆಸ್ತೆಬಾನ್, ಮಿಗೆಲ್ ದೆ ಮೊಲಿನಾ. ಅಪಾಚೆಗಳಿಗಾಗಿಯೇ ಕಟ್ಟಿದ ಊರಿನಲ್ಲಿ ಅಪಾಚೆಗಳ ಒಂದು ಮನೆಯೂ ಏಳಲಿಲ್ಲ.

ಆದರೆ ಉತ್ತರದವರಿಗೆ ಈ ಒಳಗಿನ ಸಂಗತಿ ಏನು ಗೊತ್ತು? ಅವರಿಗೆ ಕಂಡದ್ದು ಇಷ್ಟೇ: ತಮ್ಮ ಬದ್ಧವೈರಿಗೆ ಸ್ಪೇನ್ ಕೋಟೆ ಕಟ್ಟಿಕೊಟ್ಟಿದೆ, ಊಟ ಹಾಕುತ್ತಿದೆ, ಉಡುಗೊರೆ ಕೊಡುತ್ತಿದೆ. ಕೊಮಾಂಚಿ, ವಿಚಿಟಾ, ಟೊಂಕಾವಾ, ಪೂರ್ವದ ತೇಹಾಸ್, ಬಿದಾಯಿ, ಬೇರೆ ಹೊತ್ತಿನಲ್ಲಿ ಒಂದು ಕಡೆ ಕೂಡದ ಪಂಗಡಗಳೆಲ್ಲ ಒಂದಾದವು. ಬರದೇ ಹೋದ ಅಪಾಚೆಗಳ ಲೆಕ್ಕ ಪಾದ್ರಿಗಳ ಮೇಲೆ ಬಿತ್ತು. 1758ರ ಫೆಬ್ರುವರಿ ಕೊನೆಯಲ್ಲಿ ಕೋಟೆಯ 59 ಕುದುರೆಗಳು ಕಳವಾದವು. ಮಾರ್ಚ್ 15ರಂದು ಪರ್ರಿಯಾ ಖುದ್ದಾಗಿ ಮಿಷನ್ನಿಗೆ ಬಂದು, ಕೋಟೆಗೆ ಬಂದುಬಿಡಿ ಎಂದು ಬೇಡಿಕೊಂಡ. ತೆರ್ರೆರೋಸ್ ಒಪ್ಪಲಿಲ್ಲ. ಕರ್ನಲ್ ಕೆಲವರು ಕಾವಲಿನವರನ್ನು ಬಿಟ್ಟು ಹಿಂತಿರುಗಿದ.

ಮರುದಿನ ಬೆಳಗ್ಗೆ ನಡೆದದ್ದಕ್ಕೆ ಮುಖ್ಯ ಸಾಕ್ಷಿ ಪಾದ್ರಿ ಮೊಲಿನಾನ ಹೇಳಿಕೆ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ಮರದ ದಿಮ್ಮಿಗಳ ಬೇಲಿಯ ಸುತ್ತ ಸುಮಾರು 2,000 ಮಂದಿ. ಮುಖಕ್ಕೆ ಕಪ್ಪು ಕೆಂಪು ಬಣ್ಣ. ಬಿಲ್ಲು ಭರ್ಜಿಗಳ ಜೊತೆ ಬಂದೂಕುಗಳೂ ಬೇಕಾದಷ್ಟು. ನಾವು ಜಗಳಕ್ಕೆ ಬಂದಿಲ್ಲ, ಅಪಾಚೆಗಳನ್ನು ಹುಡುಕಿಕೊಂಡು ಬಂದಿದ್ದೇವೆ ಎಂದರು. ಗುಂಪಿನಲ್ಲಿ ಹಳೆಯ ಪರಿಚಯದ ಮುಖಗಳೂ ಕಂಡದ್ದರಿಂದ ಬಾಗಿಲು ತೆರೆಯಿತು. ಕೊಮಾಂಚಿ ಮುಖಂಡನೊಬ್ಬ ಫ್ರೆಂಚ್ ಅಧಿಕಾರಿಯ ಮಾದರಿಯ ಕೆಂಪು ಕೋಟು ತೊಟ್ಟಿದ್ದ. ಪಾದ್ರಿ ಅವನಿಗೆ ಹೊಗೆಸೊಪ್ಪು ಕೊಟ್ಟರೆ, ಕುದುರೆಯಿಂದ ಇಳಿಯದೆ, ನಕ್ಕು ತೆಗೆದುಕೊಂಡನಂತೆ. ಅತಿಥಿ ಇಳಿಯಲಿಲ್ಲ ಎಂದರೆ ಅರ್ಥವೇನೆಂದು ಯಾವ ಸೀಮೆಯವರಿಗೂ ತಿಳಿಯುತ್ತದೆ. ಅಷ್ಟರಲ್ಲಾಗಲೇ ಉಳಿದವರು ಅಡುಗೆಮನೆ, ಉಗ್ರಾಣ, ಕುದುರೆ ಕಟ್ಟುವ ಜಾಗಗಳಲ್ಲೆಲ್ಲ ಹರಡಿದ್ದರು.

ಕೋಟೆಗೂ ಹೋಗಬೇಕು, ಒಂದು ಚೀಟಿ ಬರೆದುಕೊಡಿ ಎಂದು ತೇಹಾಸ್ ಮುಖಂಡ ಕೇಳಿದ. ತೆರ್ರೆರೋಸ್ ಬರೆದುಕೊಟ್ಟ. ಹೋದವನು ಸ್ವಲ್ಪ ಹೊತ್ತಿಗೆ ಮರಳಿ ಬಂದು, ಸೈನಿಕರು ನಮ್ಮವರ ಮೇಲೆ ಗುಂಡು ಹಾರಿಸಿದರು ಎಂದು ದೂರಿದ. ಹಾಗಾದರೆ ನಾನೇ ಜೊತೆಗೆ ಬರುತ್ತೇನೆ ಎಂದು ತೆರ್ರೆರೋಸ್ ಕುದುರೆ ಏರಿದ. ಬಾಗಿಲು ದಾಟುವಷ್ಟರಲ್ಲಿ ಗುಂಡು ತಗುಲಿ ಬಿದ್ದ. ಅಲ್ಲಿಂದ ಮುಂದೆ ಕೊಲೆ, ಲೂಟಿ, ಬೆಂಕಿ. ಸಾಂತಿಯೆಸ್ತೆಬಾನ್‌ನ ತಲೆ ಹಾರಿತು. ಮೊಲಿನಾ ಗಾಯಗೊಂಡು ಕೆಲವರ ಜೊತೆ ಒಂದು ಕೋಣೆ ಸೇರಿದ. ಅದಕ್ಕೆ ಬೆಂಕಿ ಬಿದ್ದಾಗ ಇನ್ನೊಂದು, ಆಮೇಲೆ ಮತ್ತೊಂದು. ಕೋಟೆಯಿಂದ ಪರ್ರಿಯಾ ಕಳಿಸಿದ ಸಣ್ಣ ತುಕಡಿ ದಾರಿಯಲ್ಲೇ ಗುಂಡಿಗೆ ಸಿಕ್ಕಿ ಚದುರಿತು. ಆ ದಿನ ಅವನ ಸೈನಿಕರಲ್ಲಿ ಎಷ್ಟೋ ಮಂದಿ ಬೇರೆ ಬೇರೆ ಕೆಲಸಗಳ ಮೇಲೆ ಹೊರಗಿದ್ದರು. ಇದ್ದವರನ್ನು ಕಳಿಸಿದರೆ ಕೋಟೆಯೊಳಗಿನ ಹೆಂಗಸರು ಮಕ್ಕಳಿಗೆ ಯಾರು ಗತಿ? ಹೊಗೆ ಏಳುವುದನ್ನು ನೋಡುತ್ತಾ ಬಾಗಿಲು ಹಾಕಿಕೊಂಡು ಕುಳಿತ. ರಾತ್ರಿ ಮಿಷನ್ನಿನಲ್ಲಿ ಉಳಿದವರು ಕತ್ತಲಲ್ಲಿ ನುಸುಳಿ ನದಿಗುಂಟ ಕೋಟೆ ಸೇರಿದರು. ಮೊಲಿನಾ ಬಂದು ಮುಟ್ಟುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಸತ್ತವರು ಎಂಟು ಮಂದಿ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ.

2,000 ಮಂದಿಯ ದಾಳಿಗೆ ಎಂಟು ಸಾವು. ಈ ಲೆಕ್ಕವೇ ಏನನ್ನೋ ಹೇಳುತ್ತದೆ. ಅವರು ಬಂದದ್ದು ಪಾದ್ರಿಗಳನ್ನು ಕೊಂದು ಪುಣ್ಯ ಕಟ್ಟಿಕೊಳ್ಳುವುದಕ್ಕಲ್ಲ, ಅಪಾಚೆಗಳ ಜೊತೆ ಸೇರಿದರೆ ಏನಾಗುತ್ತದೆಂದು ತೋರಿಸುವುದಕ್ಕೆ. ತೋರಿಸಿದರು, ಹೊರಟುಹೋದರು.

ಹಣ ಹಾಕಿದ ತಮ್ಮ ಸುಮ್ಮನಿರಲಿಲ್ಲ. ಪೆದ್ರೊ ರೊಮೆರೊ ದೆ ತೆರ್ರೆರೋಸ್ ಮೆಕ್ಸಿಕೊ ನಗರದಲ್ಲಿ ಒಂದು ದೊಡ್ಡ ಚಿತ್ರ ಬರೆಸಿದ. ಎರಡು ಮೀಟರ್ ಎತ್ತರ, ಮೂರು ಮೀಟರ್‌ಗೆ ಹತ್ತಿರದ ಅಗಲ. ಹೊಸೆ ದೆ ಪಾಯೆಸ್ ಎಂಬ ಕಲಾವಿದನ ಕೈಕೆಲಸವೆಂದು ಹೇಳುತ್ತಾರೆ. ಟೆಕ್ಸಸ್‌ನಲ್ಲಿ ನಡೆದ ಐತಿಹಾಸಿಕ ಘಟನೆಯೊಂದನ್ನು ಬಿಡಿಸಿದ ಮೊದಲ ಚಿತ್ರವಿದು. ಈಗ ಮೆಕ್ಸಿಕೊದ ರಾಷ್ಟ್ರೀಯ ಕಲಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದರ ಪಡಿಯಚ್ಚನ್ನು ಬಿಡಿಸಿ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ಎಡಬಲಕ್ಕೆ ಆಳೆತ್ತರ ನಿಂತ ಇಬ್ಬರು ಪಾದ್ರಿಗಳು. ಮೈಮೇಲೆ ಗಾಯ, ಮುಖದಲ್ಲಿ ಶಾಂತಿ. ಅವರಿಬ್ಬರ ನಡುವೆ ಹಿಂದುಗಡೆ ನದಿ, ಮರ, ಬೇಲಿ, ಬೆಂಕಿ, ಇರುವೆಗಳಂತೆ ಮುತ್ತಿದ ಜನ. ಬೆಳಗಿನಿಂದ ಸಂಜೆಯವರೆಗಿನ ಘಟನೆಗಳೆಲ್ಲ ಒಂದೇ ಬಯಲಿನಲ್ಲಿ ಒಟ್ಟಿಗೆ ನಡೆಯುತ್ತಿವೆ. ಯಾವುದು ಏನೆಂದು ಗುರುತಿಸಲು ಅಲ್ಲಲ್ಲಿ ಅಕ್ಷರಗಳು, ಕೆಳಗೆ ಅವುಗಳ ವಿವರಣೆ. ಒಬ್ಬನೇ ಪಾದ್ರಿ ಒಂದು ಕಡೆ ಕುದುರೆ ಏರುತ್ತಾನೆ, ಇನ್ನೊಂದು ಕಡೆ ಸತ್ತು ಬಿದ್ದಿರುತ್ತಾನೆ. ಭಕ್ತಿಯ ಚಿತ್ರವೂ ಹೌದು, ಪಂಚನಾಮೆಯೂ ಹೌದು. ಚಿತ್ರದಲ್ಲಿ ಹುಡುಕಿದರೂ ಸಿಗದವರು ಅಪಾಚೆಗಳು.

ಈ ಶ್ರೀಮಂತನಿಗೆ ಮುಂದೆ ರೆಗ್ಲಾದ ಕೌಂಟ್ ಎಂಬ ಪದವಿ ಸಿಕ್ಕಿತು. 1775ರಲ್ಲಿ ಬಡವರಿಗೆ ಒಡವೆಯ ಮೇಲೆ ಸಾಲ ಕೊಡುವ ಸಂಸ್ಥೆಯೊಂದನ್ನು ಕಟ್ಟಿದ. ಮೊಂತೆ ದೆ ಪಿಯೆದಾದ್ ಹೆಸರಿನಲ್ಲಿ ಅದು ಇಂದಿಗೂ ಮೆಕ್ಸಿಕೊದಲ್ಲಿ ಗಿರವಿ ಹಿಡಿಯುತ್ತಿದೆ. ಅವನ ದುಡ್ಡು ನಿಂತದ್ದು ಅಲ್ಲಿ, ಸ್ಯಾನ್ ಸಾಬಾದಲ್ಲಲ್ಲ.

ಇನ್ನೊಂದು ಸಂಗತಿ. ಸತ್ತ ಪಾದ್ರಿಗಳ ಜಾಗಕ್ಕೆ ಆರಿಸಿದವರಲ್ಲಿ ಹುನಿಪೆರೊ ಸೆರ್ರಾ ಒಬ್ಬ. 1758ರಲ್ಲಿ ಅವನನ್ನು ಮೆಕ್ಸಿಕೊದ ಸಿಯೆರಾ ಗೊರ್ದಾದಿಂದ ವಾಪಸ್ ಕರೆಸಿದರು. ಆದರೆ ಯೋಜನೆಯೇ ಬಿದ್ದುಹೋಯಿತು. ಮುಂದೆ 1769ರಲ್ಲಿ ಸ್ಯಾನ್ ದಿಯೇಗೊದಿಂದ ಶುರುಮಾಡಿ ಕ್ಯಾಲಿಫೋರ್ನಿಯಾದ ಮಿಷನ್ ಸಾಲು ಎಬ್ಬಿಸಿದವನು, 2015ರಲ್ಲಿ ಸಂತನೆಂದು ಘೋಷಿತನಾದವನು ಇವನೇ. ಸ್ಯಾನ್ ಸಾಬಾಕ್ಕೆ ಬಂದಿದ್ದರೆ? ಹೋಗಲಿ, ಆ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ.

ಪರ್ರಿಯಾ 1759ರಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ಕಟ್ಟಿಕೊಂಡು ಸೇಡಿಗೆ ಹೊರಟ. ಅಕ್ಟೋಬರ್ 7ರಂದು ರೆಡ್ ನದಿಯ ದಡದಲ್ಲಿ ವಿಚಿಟಾಗಳ ಹಳ್ಳಿ ಸಿಕ್ಕಿತು. ಹಳ್ಳಿಯಲ್ಲ, ಕಂದಕ ತೋಡಿ ಬೇಲಿ ಕಟ್ಟಿದ ಕೋಟೆ, ಮೇಲೆ ಫ್ರಾನ್ಸಿನ ಬಾವುಟ. ಹೊಡೆತ ತಿಂದು, ಎರಡು ಫಿರಂಗಿಗಳನ್ನು ಅಲ್ಲೇ ಬಿಟ್ಟು ಹಿಂತಿರುಗಿದ. ಅವನ ಜಾಗಕ್ಕೆ 1760ರಲ್ಲಿ ಹೊಸ ದಳಪತಿ ಬಂದ. ಯಾರೆಂದುಕೊಂಡಿರಿ? ಫೆಲಿಪೆ ದೆ ರಾಬಾಗೊ! ವಿಚಾರಣೆಯಲ್ಲಿ ಖುಲಾಸೆಯಾಗಿತ್ತು. ಯಾರ ನೆರಳು ಬೇಡವೆಂದು ಪಾದ್ರಿಗಳು 5 ಕಿ.ಮೀ. ದೂರ ಹೋಗಿ ಸತ್ತರೋ, ಆ ಮನುಷ್ಯನೇ ಕೋಟೆಯ ಯಜಮಾನನಾಗಿ ಬಂದು ಕುಳಿತ. ಇದನ್ನು ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಅಡ್ಡಗೆರೆ ಹಾಕಿಬಿಡುತ್ತಾರೆ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ಮೆನಾರ್ಡ್‌ನಲ್ಲಿ ಇಂದು ಕಣ್ಣಿಗೆ ಕಾಣುವುದೆಲ್ಲ ಈ ರಾಬಾಗೊನ ಕೆಲಸ. ಮರದ ಬೇಲಿ ಕಿತ್ತು 1761ರಲ್ಲಿ ಸುಣ್ಣಕಲ್ಲಿನ ಕೋಟೆ ಕಟ್ಟಿಸಿದವನು ಅವನು. ನಾವು ಗಾಲ್ಫ್ ಮೈದಾನದ ಪಕ್ಕ ಕಾರು ನಿಲ್ಲಿಸಿ ಒಳಗೆ ಹೋದೆವು. ಕಲ್ಲುಗಳು ಕೈಗೆ ಒರಟು, ನಡುವೆ ಗಾರೆ ಉದುರಿ ಹಲ್ಲಿಗಳ ಸಂಸಾರ. 1936ರ ಸುಮಾರಿಗೆ ಟೆಕ್ಸಸ್‌ನ ಶತಮಾನೋತ್ಸವಕ್ಕೆಂದು ಒಂದು ಭಾಗವನ್ನು ಮತ್ತೆ ಎಬ್ಬಿಸಿದರಂತೆ. ಅದೂ ಬಿದ್ದು, ಈಚೆಗೆ ಇನ್ನೊಮ್ಮೆ ಬಿಗಿಮಾಡಿದ್ದಾರೆ. ಹಾಗಾಗಿ ಯಾವುದು ಹಳೆಯ ಹಾಳು, ಯಾವುದು ಹೊಸ ಹಾಳು ಹೇಳುವುದು ಕಷ್ಟ. ಮೂಲದ ಕಲ್ಲುಗಳಲ್ಲಿ ಎಷ್ಟೋ ಊರವರ ಮನೆ ಕಾಂಪೌಂಡು ಸೇರಿವೆ. ಈ ವಿಷಯದಲ್ಲಿ ನಮ್ಮವರೂ ಅವರೂ ಒಂದೇ.

ಬಾಗಿಲ ಬಳಿಯ ಕಲ್ಲಿನ ಮೇಲೆ ಕೊರೆದ ಇಂಗ್ಲಿಷ್ ಅಕ್ಷರಗಳನ್ನು ಅಕ್ಕನ ಮಗ ಬೆರಳಿನಲ್ಲಿ ತೀಡಿ ಓದಿದ: ಬೋವಿ ಮೈನ್, 1829. ಜಿಮ್ ಬೋವಿ ಎಂದರೆ ಟೆಕ್ಸಸ್‌ನ ಶಾಲೆಯ ಹುಡುಗರಿಗೆಲ್ಲ ಗೊತ್ತು, 1836ರಲ್ಲಿ ಆಲಮೊದಲ್ಲಿ ಸತ್ತ ವೀರ. ಅದಕ್ಕೂ ಮುಂಚೆ ಅವನಿಗೆ ಈ ಸೀಮೆಯಲ್ಲಿ ಹೂತಿಟ್ಟ ಬೆಳ್ಳಿಯ ಗಣಿಯ ಹುಚ್ಚು ಹತ್ತಿತ್ತು. 1831ರಲ್ಲಿ ಹುಡುಕಿಕೊಂಡು ಬಂದು ಮೂಲನಿವಾಸಿಗಳ ಜೊತೆ ಕಾದಾಡಿ ಬರಿಗೈಯಲ್ಲಿ ಮರಳಿದ. ಅಕ್ಷರ ಅವನೇ ಕೊರೆದದ್ದೋ, ಅವನ ಹೆಸರಿನಲ್ಲಿ ಇನ್ಯಾರೋ ಕೊರೆದದ್ದೋ, ನಾನು ಪಣ ಕಟ್ಟುವುದಿಲ್ಲ. ಪರ್ರಿಯಾ ಅದಿರಿನ ಮಾದರಿಗಳನ್ನು ಇಲ್ಲೇ ಕರಗಿಸಿ ನೋಡಿದ್ದ. ಅದರ ಕಿಟ್ಟ ನೆಲದಲ್ಲಿ ಸಿಕ್ಕಿದ್ದೇ ಸಾಕಾಯಿತು, ನಿಧಿಯ ಆಸೆಗೆ ಬಿದ್ದವರು ನೂರು ವರ್ಷ ಗೋಡೆಗಳ ಬುಡವನ್ನು ಅಗೆದರು. ಮಿರಾಂದಾ ಹೇಳಿದ್ದ ಗಣಿ ಇಲ್ಲಿಂದ ನೂರು ಕಿಲೋಮೀಟರ್‌ಗೂ ಆಚೆ, ಇಂದಿನ ಯಾನೊ ಜಿಲ್ಲೆಯಲ್ಲಿ. ಅಲ್ಲೂ ಬೆಳ್ಳಿಯ ಹೊಳೆ ಹರಿದದ್ದೇನೂ ಇಲ್ಲ.

"ಇದು ಕೋಟೆ ಆಯಿತು. ಮಿಷನ್ ಎಲ್ಲಿ ಮಾವ?"

ಪೂರ್ವಕ್ಕೆ ಹೊರಟೆವು. ಆ ಜಾಗ ಇಪ್ಪತ್ತನೇ ಶತಮಾನದ ಬಹುಪಾಲು ಯಾರಿಗೂ ಸಿಕ್ಕಿರಲಿಲ್ಲ. ಇತಿಹಾಸಕಾರರು ಹಳೆಯ ಕಾಗದಗಳನ್ನು ಹಿಡಿದು ನದಿಯುದ್ದಕ್ಕೂ ಅಲೆದಿದ್ದರು. ಮರದ ದಿಮ್ಮಿ, ಹುಲ್ಲು, ಮಣ್ಣಿನ ಕಟ್ಟಡ; ಹನ್ನೊಂದು ತಿಂಗಳ ಬದುಕು; ಮೇಲೆ ಬೆಂಕಿ. ಉಳಿಯುವುದಾದರೂ ಏನು? 1993ರಲ್ಲಿ, ಆ ದಿನ ಬದುಕುಳಿದವನೊಬ್ಬನ ವಂಶದ ವಾಸ್ತುಶಿಲ್ಪಿಯೊಬ್ಬರ ಆಸಕ್ತಿಯಿಂದ ಮತ್ತೆ ಹುಡುಕಾಟ ಶುರುವಾಗಿ, ಆಗಷ್ಟೇ ಉತ್ತ ಆಲ್ಫಾಲ್ಫಾ ಹೊಲವೊಂದರಲ್ಲಿ ಬಣ್ಣದ ಮೆರುಗಿನ ಸ್ಪ್ಯಾನಿಷ್ ಮಡಕೆಯ ಚೂರುಗಳು ಸಿಕ್ಕವು. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು ಅಗೆದಾಗ ಕಂಬ ನೆಟ್ಟ ಗುಳಿಗಳು, ಕೈಯಲ್ಲಿ ಬಡಿದ ಮೊಳೆಗಳು, ಬಂದೂಕಿನ ಸೀಸದ ಗುಂಡುಗಳು ಬಂದವು. ನನಗೆ ಬಹಳ ಹಿಡಿಸಿದ್ದು ಗೋಡೆಗೆ ಮೆತ್ತಿದ್ದ ಮಣ್ಣು. ಹಸಿ ಮಣ್ಣಾಗಿದ್ದರೆ ಒಂದೆರಡು ಮಳೆಗೆ ಕರಗಿ ಹೋಗುತ್ತಿತ್ತು. ಬೆಂಕಿ ಅದನ್ನು ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿಮಾಡಿದ್ದರಿಂದ ಉಳಿಯಿತು. ಮಿಷನ್ ಸುಟ್ಟವರೇ ಅದರ ಗುರುತನ್ನೂ ಕಾಪಾಡಿದರು.

ಹೊಲ ಖಾಸಗಿಯವರದು, ಒಳಗೆ ಹೋಗುವಂತಿಲ್ಲ. ನಮ್ಮಲ್ಲಿ ದನಕ್ಕೆ ಬೆಳೆಯುವ ಲೂಸರ್ನ್ ಹುಲ್ಲೇ ಆಲ್ಫಾಲ್ಫಾ. ಬೇಲಿಯಾಚೆ ಹಸಿರು, ಅದರಾಚೆ ಮರಗಳ ಸಾಲು, ಅಲ್ಲೇ ನದಿ. ರಸ್ತೆಯ ಬದಿ ಒಂದು ಫಲಕ. ಪಶ್ಚಿಮಕ್ಕೆ ತಿರುಗಿ ನಿಂತು ಕೋಟೆ ಕಂಡೀತೇ ಎಂದು ನೋಡಿದೆ, ಕಾಣಲಿಲ್ಲ. ಕಾರಿನಲ್ಲಿ ಐದು ನಿಮಿಷವೂ ಹಿಡಿಯದ ದಾರಿ. ಅಷ್ಟು ದೂರದಿಂದ ಕೂಗಿದರೆ ಕೇಳಿಸದು, ಹೊಗೆ ಮಾತ್ರ ಕಾಣುತ್ತದೆ.

ಮಿಷನ್ ಹೋದ ಮೇಲೂ ಕೋಟೆ ಹತ್ತು ವರ್ಷ ಏದುಸಿರು ಬಿಡುತ್ತಾ ನಿಂತಿತ್ತು. ಕಾಯಬೇಕಾದ ಮಿಷನ್ ಇಲ್ಲ. ಆದರೂ ಇಲ್ಲಿಂದ ಹಿಂದೆ ಸರಿದರೆ ಸ್ಪೇನ್ ಹೆದರಿತು ಅನ್ನುತ್ತಾರಲ್ಲ ಎಂಬ ಭಯಕ್ಕೆ ವೈಸ್‌ರಾಯ್‌ಗಳು ಬಿಡಲಿಲ್ಲ. ಕೊಮಾಂಚಿಗಳು ದನ ಹೊಡೆದುಕೊಂಡು ಹೋಗುತ್ತಿದ್ದರು, ಆಹಾರದ ಗಾಡಿಗಳನ್ನು ತಡೆಯುತ್ತಿದ್ದರು. ತರಕಾರಿ ಹಣ್ಣು ಕಾಣದೆ ಸೈನಿಕರಿಗೆ ಸ್ಕರ್ವಿ ಹಿಡಿದು ಒಸಡು ಕೊಳೆಯಿತು. 1767ರಲ್ಲಿ ಗಡಿಯ ತಪಾಸಣೆಗೆ ಬಂದ ಮಾರ್ಕೆಸ್ ದೆ ರುಬಿ ಇದನ್ನೆಲ್ಲ ನೋಡಿ ಖಾರವಾಗಿ ಬರೆದ. ಈ ಠಾಣ್ಯ ಮುಚ್ಚಬೇಕು ಅಂದದ್ದು ಒಂದು. ಇನ್ನೊಂದು, ಅಪಾಚೆಗಳ ಸಹವಾಸವೇ ತಪ್ಪು, ಉತ್ತರದ ಪಂಗಡಗಳ ಜೊತೆ ಸ್ನೇಹ ಮಾಡಿಕೊಂಡು ಅಪಾಚೆಗಳನ್ನು ಮುಗಿಸಬೇಕು ಎಂದದ್ದು. ರಾಬಾಗೊ 1768ರಲ್ಲಿ ಅಪ್ಪಣೆಗೂ ಕಾಯದೆ ಜನರನ್ನು ಕರೆದುಕೊಂಡು ಕೋಟೆ ಬಿಟ್ಟ. ಒಂದಷ್ಟು ದಿನ ಮತ್ತೆ ಜನ ಬಂದರಾದರೂ 1770ರ ಹೊತ್ತಿಗೆ ಅಲ್ಲಿ ಯಾರೂ ಉಳಿಯಲಿಲ್ಲ.

ರುಬಿಯ ಎರಡನೆಯ ಸಲಹೆ ಜಾರಿಗೆ ಬರಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. 1785ರ ಅಕ್ಟೋಬರ್‌ನಲ್ಲಿ ಮೂವರು ಕೊಮಾಂಚಿ ಮುಖಂಡರು ಸ್ಯಾನ್ ಆಂಟೋನಿಯೊಗೆ ಬಂದು ಗವರ್ನರ್ ದೊಮಿಂಗೊ ಕಾಬೆಯೊ ಜೊತೆ ಸಂಧಿಗೆ ಒಪ್ಪಿದರು. ವರ್ಷಕ್ಕೊಮ್ಮೆ ಅವರಿಗೆ ಉಡುಗೊರೆ ಕೊಡುವುದು ಒಂದು ಷರತ್ತು. ಲಿಪಾನ್ ಅಪಾಚೆಗಳನ್ನು ಇಬ್ಬರೂ ಶತ್ರುಗಳೆಂದೇ ಕಾಣುವುದು ಇನ್ನೊಂದು.